ತಂಪೆಲ್ಲ ಅಟ್ಟಕ್ಕೆ ಸೋರುತ್ತಿದೆ

ಪ್ರಶ್ನೆ: ನಾವಿರುವುದು ಟೆಕ್ಸಾಸಿನ ಡಲ್ಲಾಸ್ ಹತ್ತಿರ. ಮನೆಗೆ 20 ವರ್ಷ. ಬೇಸಿಗೆಯಲ್ಲಿ ಸೆಂಟ್ರಲ್ ಏಸಿ ದಿನವಿಡೀ ಓಡಿದರೂ ಕೊನೆಯ ಕೋಣೆ ತಂಪಾಗುವುದಿಲ್ಲ, ಊರಿಂದ ಬಂದ ಅಪ್ಪ ಅಮ್ಮ ಮಲಗುವುದು ಅಲ್ಲೇ. 3 ಟನ್ ತೆಗೆದು 4 ಟನ್ ಹಾಕಿ ಅನ್ನುತ್ತಾರೆ ಮೆಕ್ಯಾನಿಕ್. ತಂಪು ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆಗಳು, ಅಂದರೆ ಡಕ್ಟ್, ಎಲ್ಲ ಅಟ್ಟದಲ್ಲಿದೆ, ಅಲ್ಲಲ್ಲಿ ಟೇಪ್ ಬಿಟ್ಟುಕೊಂಡಿದೆ. ಹೊಸದಾಗಿ ತಗಡಿನದು ಹಾಕಿಸಲೇ, ಬಾಗುವ ಫ್ಲೆಕ್ಸ್ ಕೊಳವೆ ಸಾಕೇ?

ಉತ್ತರ: ಟೇಪ್ ಬಿಟ್ಟುಕೊಂಡಿದೆ ಅಂತ ಬರೆದಿದ್ದೀರಲ್ಲ, ಮೊದಲು ನೋಡಬೇಕಾದ್ದು ಅದನ್ನೇ. 4 ಟನ್‌ಗೆ ಈಗಲೇ ದುಡ್ಡು ಕೊಡಬೇಡಿ. ಎನರ್ಜಿ ಸ್ಟಾರ್ ಅನ್ನುವ ಅಮೆರಿಕ ಸರ್ಕಾರದ ಇಂಧನ ಉಳಿತಾಯ ಕಾರ್ಯಕ್ರಮದ ಲೆಕ್ಕದಲ್ಲಿ, ಸಾಧಾರಣ ಮನೆಯ ಡಕ್ಟಿನಲ್ಲಿ ಹರಿಯುವ ಗಾಳಿಯ ಶೇ. 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗುತ್ತದೆ. ಯಂತ್ರ ದೊಡ್ಡದಾದರೆ ಅದೇ ಬಿರುಕಿನಿಂದ ಇನ್ನೂ ಜಾಸ್ತಿ ಸೋರುತ್ತದೆ, ಅಷ್ಟೇ. ಕೋಣೆಯ ಗಾಳಿಯನ್ನು ಏಸಿಗೆ ವಾಪಸ್ ಒಯ್ಯುವ ರಿಟರ್ನ್ ಡಕ್ಟ್ ಸೋರಿದರಂತೂ ಅಟ್ಟದ ಕುದಿಯುವ ಗಾಳಿಯನ್ನು, ದೂಳನ್ನು ಎಳೆದುಕೊಂಡು ಮನೆಯೊಳಗೇ ಬಿಡುತ್ತದೆ.

ಬಟ್ಟೆಯ ಡಕ್ಟ್ ಟೇಪನ್ನು ದಯವಿಟ್ಟು ಮತ್ತೆ ಸುತ್ತಿಸಬೇಡಿ. 1998ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಬಗೆಬಗೆಯ ಅಂಟುಗಳನ್ನು ಬಿಸಿಗೂ ತಂಪಿಗೂ ಒಡ್ಡಿ ನೋಡಿದಾಗ ಕೈಕೊಟ್ಟಿದ್ದು ಅದೇ. ಬೇಕಾದ್ದು ಮ್ಯಾಸ್ಟಿಕ್ ಅನ್ನುವ, ಸಂದು ಮುಚ್ಚುವ ಅಂಟು. ಗಟ್ಟಿ ಇಡ್ಲಿ ಹಿಟ್ಟಿನ ಹದದಲ್ಲಿರುತ್ತದೆ, ತಗಡಿನ ಕೀಲುಗಳಿಗೆ ಬ್ರಷ್‌ನಲ್ಲಿ ದಪ್ಪಗೆ ಬಳಿಯಬೇಕು. ಸಂದು ಕಾಲು ಇಂಚಿಗಿಂತ ಅಗಲ ಇದ್ದರೆ ಮೊದಲು ಫೈಬರ್‌ಗ್ಲಾಸ್ ಜಾಲರಿ ಪಟ್ಟಿ ಹಾಕಿ, ಅದರ ಮೇಲೆ ಬಳಿಯಬೇಕು. ಟೇಪೇ ಬೇಕಿದ್ದರೆ ಯುಎಲ್ 181 ಅಂತ (ಡಕ್ಟಿಗೆಂದೇ ಇರುವ ಗುಣಮಟ್ಟದ ಗುರುತು) ಅಚ್ಚಾಗಿರುವ ಫಾಯಿಲ್ ಟೇಪ್ ತನ್ನಿ.

ಒಂದು ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಫ್ಲೆಕ್ಸ್ ಡಕ್ಟಿನ ಹೊರಗಿನ ಹೊದಿಕೆಗೆ ಚೆನ್ನಾಗಿ ಟೇಪ್ ಸುತ್ತಿ, ಒಳಗಿನ ಕೊಳವೆಯನ್ನು ಕಾಲರಿಗೆ, ಅಂದರೆ ಅದು ಕೂಡುವ ತಗಡಿನ ಬಾಯಿಗೆ, ಸುಮ್ನೆ ಸಿಕ್ಕಿಸಿ ಹೋಗಿರುತ್ತಾರೆ. ಕಣ್ಣಿಗೆ ಅಚ್ಚುಕಟ್ಟು, ಗಾಳಿ ಮಾತ್ರ ಹೊದಿಕೆಯೊಳಗೇ ಸೋರುತ್ತಿರುತ್ತದೆ. ಹೊದಿಕೆ ಹಿಂದೆ ಸರಿಸಿ, ಒಳಕೊಳವೆಯನ್ನೇ ಕಾಲರಿಗೆ ಅಂಟಿಸಿ ಪಟ್ಟಿ ಬಿಗಿಯಲು ಹೇಳಿ, ನೀವೇ ಪಕ್ಕದಲ್ಲಿ ನಿಂತು ನೋಡಿ.

ಇನ್ನು ಆಯ್ಕೆ. ಮುಖ್ಯ ಕೊಳವೆ ತಗಡಿನದಿರಲಿ, ಕೋಣೆಗೆ ಹೋಗುವ ಕವಲುಗಳಿಗೆ ಫ್ಲೆಕ್ಸ್ ಸಾಕು. ಆದರೆ ಅದು ಉದ್ದ ಜಾಸ್ತಿಯಾಗಿ ಹಾವಿನ ಹಾಗೆ ಬಿದ್ದಿರಬಾರದು, ಎಳೆದು ನೆಟ್ಟಗೆ ಮಾಡಿ 4 ಅಡಿಗೊಂದು ಆಸರೆ ಕೊಡಬೇಕು. ನಿಮ್ಮ ಕೊನೆಯ ಕೋಣೆಯ ಕವಲು ಎಲ್ಲೋ ಜೋತು ಬಿದ್ದಿರಬಹುದು, ಮುರುಟಿರಬಹುದು, ಅಲ್ವಾ? ಅಟ್ಟದಲ್ಲಿರುವ ಡಕ್ಟಿಗೆ ಆರ್-8 ಇನ್ಸುಲೇಷನ್ ಕೇಳಿ, ಆರ್ ಅಂದರೆ ಹೊದಿಕೆ ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ.

ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಡಕ್ಟ್ ಸೋರಿಕೆ ಪರೀಕ್ಷೆ ಮಾಡಿಸಿ, ಎರಡೂ ಅಂಕಿ ಬರೆಸಿಕೊಳ್ಳಿ. ಅಷ್ಟಾದ ಮೇಲೂ ಕೋಣೆ ಕಾದರೆ ಟನ್ ಮಾತು ಎತ್ತೋಣ.