ಬಹುಮಾನ ಬಂದ ವಿನ್ಯಾಸಕ್ಕೆ ಪಿಎಚ್‌ಡಿ ಯಾಕೆ ಸಿಗುವುದಿಲ್ಲ?

ಡಿಸೈನ್ ಪಿಎಚ್‌ಡಿ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡುತ್ತಿಲ್ಲ. ಈ ಸಲ ಅದಕ್ಕೇ ಜಾಸ್ತಿ ಜಾಗ. ಸಿನಾಪ್ಸಿಸ್ ಅಂದರೇನು, ಅರ್ಜಿ ಹೇಗೆ ಹಾಕುವುದು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಹನ್ನೆರಡು ವರ್ಷದಿಂದ ಪ್ರಾಡಕ್ಟ್ ಡಿಸೈನರ್ ಆಗಿದ್ದೇನೆ. ಎರಡು ಪ್ರಶಸ್ತಿ ಬಂದಿವೆ. ಈ ಕೆಲಸಗಳನ್ನೇ ಒಂದು ಸಣ್ಣ ಟಿಪ್ಪಣಿ ಜೊತೆ ಥೀಸಿಸ್ ಆಗಿ ಕೊಡಬಹುದಾ? ವಸ್ತುವೇ ಮಾತಾಡುತ್ತದೆ ಅಲ್ವಾ?

ಇಲ್ಲ, ವಸ್ತು ಮಾತಾಡುವುದಿಲ್ಲ. ನಾನು ಪರೀಕ್ಷಕಿಯಾಗಿ ಕೂತಿದ್ದ ಒಂದು ವೈವಾ ನೆನಪಾಗುತ್ತದೆ. ಕೀಲುನೋವಿರುವ ಹಿರಿಯರಿಗಾಗಿ ಆ ಹುಡುಗ ಔಷಧಿ ಬಾಟಲಿಯ ಮುಚ್ಚಳ ಮಾಡಿದ್ದ. ಏಳು ಮುಚ್ಚಳ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಕೊನೆಯದನ್ನು ತಿರುಗಿಸಿದೆ, ಎರಡೇ ಬೆರಳಿಗೆ ಬಿಚ್ಚಿಕೊಂಡಿತು. ತುಂಬಾ ಚೆನ್ನಾಗಿತ್ತು, ಎರಡು ಮಾತಿಲ್ಲ. ಆರನೆಯದಕ್ಕಿಂತ ಇದು ಯಾಕೆ ಸಲೀಸು ಎಂದು ಕೇಳಿದೆ. ಅಂಚಿನ ಗೀರುಗಳನ್ನು ಆಳ ಮಾಡಿದೆ, ಅಗಲವನ್ನೂ ಜಾಸ್ತಿ ಮಾಡಿದೆ ಅಂದ. ಹಾಗಾದರೆ ಕೆಲಸ ಮಾಡಿದ್ದು ಗೀರೋ, ಅಗಲವೋ? ಗೊತ್ತಿರಲಿಲ್ಲ. ನಾಲ್ಕನೆಯದನ್ನು ಯಾಕೆ ಕೈಬಿಟ್ಟಿದ್ದು? "ಕೈಗೆ ಸರಿ ಅನಿಸಲಿಲ್ಲ ಮೇಡಂ."

ಆ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದು ವರ್ಷಗಟ್ಟಲೆ ಕೈ ಪಳಗಿ ಬಂದ ಅರಿವು. ಸ್ಟುಡಿಯೋದಲ್ಲಿ ಅಷ್ಟು ಸಾಕು. ಪಿಎಚ್‌ಡಿ ಕೆಲಸ ಶುರುವಾಗುವುದೇ ಅಲ್ಲಿಂದ. ಏನು ಸರಿ ಇರಲಿಲ್ಲ, ಯಾರ ಕೈಗೆ, ಅವರು ಬೆರಳಿಂದ ತಿರುಗಿಸಿದರಾ ಇಲ್ಲ ಅಂಗೈ ಒತ್ತಿದರಾ, ಆ ದಿನ ಏನು ಬರೆದಿಟ್ಟುಕೊಂಡಿರಿ? ನಾಳೆ ಇನ್ಯಾರೋ ನಲ್ಲಿಯ ಹಿಡಿ ಮಾಡುವವರು ಅದನ್ನು ಓದಿ ತಮ್ಮ ಕೆಲಸಕ್ಕೆ ಬಳಸುವಂತಿರಬೇಕು, ಬೇಕಾದರೆ ತಾವೇ ಮಾಡಿ ನೋಡಿ ನೀವು ಹೇಳಿದ್ದು ತಪ್ಪು ಅಂತ ತೋರಿಸುವಂತೆಯೂ ಇರಬೇಕು. ನನ್ನ ಅಳತೆಗೋಲು ಇದೊಂದೇ. ಪ್ರಶಸ್ತಿ ಕೊಡುವವರಿಗೆ ಏಳನೇ ಮುಚ್ಚಳ ಸಾಕು. ನನಗೆ ಉಳಿದ ಆರರ ಕಥೆಯೂ ಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅಂತ ನನಗೇನೂ ಹಟವಿಲ್ಲ. ವಿನ್ಯಾಸದಲ್ಲಿ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದು ಯಾಕೆ ಎಂದು ಅವತ್ತೇ ಬರೆದಿಡಿ. ಮೂರು ವರ್ಷ ಆದ ಮೇಲೆ ನೆನಪಿಂದ ಬರೆದ ಡೈರಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದರಲ್ಲಿ ಒಂದೂ ತಪ್ಪು ಹೆಜ್ಜೆ ಇರುವುದಿಲ್ಲ.

ಇಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ ಅವರನ್ನು ಎಳೆದು ತರುವವರು ಬಹಳ. 1993ರಲ್ಲಿ ಅವರು ಸಂಶೋಧನೆಯಲ್ಲಿ ಮೂರು ಬಗೆ ಗುರುತಿಸಿದರು: ವಿನ್ಯಾಸದ ಬಗ್ಗೆ, ವಿನ್ಯಾಸದ ಮೂಲಕ, ವಿನ್ಯಾಸಕ್ಕಾಗಿ. ಮೂರನೆಯದರಲ್ಲಿ ಯೋಚನೆಯೆಲ್ಲ ವಸ್ತುವಿನೊಳಗೇ ಇರುತ್ತದೆ. ಅದನ್ನೇ ಹಿಡಿದುಕೊಂಡು "ನೋಡಿ, ಬರೆಯಬೇಕಾಗಿಲ್ಲ" ಅನ್ನುತ್ತಾರೆ. ದಯವಿಟ್ಟು ಪೂರ್ತಿ ಓದಿ. ಆ ಮೂರನೆಯದೇ ತೊಡಕಿನದು ಅಂತ ಅವರೇ ಹೇಳಿದ್ದಾರೆ. ಎರಡನೆಯದಕ್ಕೆ ಅವರು ಕೊಡುವ ಉದಾಹರಣೆಯಲ್ಲಿ ಸ್ಟುಡಿಯೋದ ಪ್ರಯೋಗವನ್ನು ಹಂತಹಂತವಾಗಿ ಹೇಳುವ ಡೈರಿ ಇದೆ, ಅದರ ಜೊತೆ ಒಂದು ವರದಿಯೂ ಇದೆ. ಪ್ರಾಕ್ಟೀಸ್ ಆಧಾರದ, ಅಂದರೆ ಮಾಡಿದ ವಿನ್ಯಾಸವನ್ನೂ ಥೀಸಿಸ್‌ನ ಭಾಗವಾಗಿ ಒಪ್ಪುವ ಪಿಎಚ್‌ಡಿ ಕೊಡುವ ವಿಶ್ವವಿದ್ಯಾಲಯಗಳು ಇವೆ, ನಿಜ. ಅಲ್ಲಿ ಬರವಣಿಗೆ ಕಡಿಮೆ ಇರಬಹುದು, ಪ್ರಶ್ನೆ ಮತ್ತು ಪುರಾವೆ ಕಡಿಮೆ ಇರುವ ಹಾಗಿಲ್ಲ.

ನಿಮ್ಮ ಹನ್ನೆರಡು ವರ್ಷ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಆ ಕೆಲಸದಲ್ಲಿ ನಿಮ್ಮನ್ನು ಈಗಲೂ ಕಾಡುವ ಒಂದು ಗೊಂದಲ ಇದ್ದೇ ಇರುತ್ತದೆ. ಅದನ್ನು ಹಿಡಿದುಕೊಂಡು ಬನ್ನಿ. ಪ್ರಶಸ್ತಿ ಪತ್ರ ಮನೆಯಲ್ಲೇ ಇರಲಿ.

ಪ್ರಶ್ನೆ: ಡಿಸೈನ್ ಹೊಸ ಕ್ಷೇತ್ರ, ಇದಕ್ಕೆ ಮಾನದಂಡವೇ ಇಲ್ಲವಂತೆ, ಹೌದಾ?

ಸುಳ್ಳು. ವಿನ್ಯಾಸ ಸಂಶೋಧಕರ ಸಂಘವಾದ ಡಿಸೈನ್ ರಿಸರ್ಚ್ ಸೊಸೈಟಿ ಶುರುವಾಗಿದ್ದು 1966ರಲ್ಲಿ. ಈ ಕ್ಷೇತ್ರದ ಪಿಎಚ್‌ಡಿ ಹೇಗಿರಬೇಕು ಎಂದು ಚರ್ಚಿಸಲಿಕ್ಕೇ 1998ರಲ್ಲಿ ಅಮೆರಿಕದ ಒಹಾಯೊದಲ್ಲಿ, 2000ದಲ್ಲಿ ಫ್ರಾನ್ಸ್‌ನ ಲಾ ಕ್ಲೂಸಾದಲ್ಲಿ ಸಮ್ಮೇಳನಗಳು ನಡೆದಿವೆ. ಒಮ್ಮತ ಇಲ್ಲ ಅನ್ನುವುದು ಬೇರೆ, ಮಾನದಂಡ ಇಲ್ಲ ಅನ್ನುವುದು ಬೇರೆ.

ಪ್ರಶ್ನೆ: ಇನ್ನೂರು ಜನರ ಸರ್ವೆ ಸೇರಿಸಿದರೆ ಸಂಶೋಧನೆ ಆಗುತ್ತದಾ?

ಆಗುವುದಿಲ್ಲ. ಮೊದಲು ಪ್ರಶ್ನೆ ಹುಡುಕಿ.

ಪ್ರಶ್ನೆ: ಎಷ್ಟು ಪುಟ ಇರಬೇಕು?

ನಿಮ್ಮ ವಿಶ್ವವಿದ್ಯಾಲಯದ ನಿಯಮ ಓದಿ.

ಪ್ರಶ್ನೆ: ಒಂದೇ ವರ್ಷದಲ್ಲಿ ಥೀಸಿಸ್ ಬರೆದು, ಪೇಪರ್ ಕೂಡ ಪ್ರಕಟ ಮಾಡಿಸಿಕೊಡುತ್ತೇವೆ ಎಂದು ಒಂದು ಏಜೆನ್ಸಿ ಹೇಳುತ್ತಿದೆ. ನಂಬಬಹುದಾ?

ಈಗಲೇ ಆ ನಂಬರ್ ಬ್ಲಾಕ್ ಮಾಡಿ. ಇದು ಶುದ್ಧ ಮೋಸ. 2005ರಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಸಾಲ್ಜ್‌ಬರ್ಗ್ ತತ್ವಗಳ ಪ್ರಕಾರ ಪೂರ್ಣಾವಧಿ ಪಿಎಚ್‌ಡಿಗೆ ಮೂರರಿಂದ ನಾಲ್ಕು ವರ್ಷ ಬೇಕು. ಬರೆಸಿಕೊಂಡ ಥೀಸಿಸ್ ಎಂದು ಆಮೇಲೆ ಸಾಬೀತಾದರೂ ಪದವಿ ವಾಪಸ್ ಹೋಗುತ್ತದೆ. ಇಂಥವರಿಂದ ಹಾಳಾದವರನ್ನು ಕಂಡು ನನಗೆ ಹೊಟ್ಟೆ ಉರಿದಿದೆ.

ಪ್ರಶ್ನೆ: ಹೆಸರಾಂತ ಡಿಸೈನರ್ ಒಬ್ಬರು ಗೈಡ್ ಆಗಲು ಒಪ್ಪಿದ್ದಾರೆ. ಸೇರಿಕೊಳ್ಳಲಾ?

ಹೆಸರು ನೋಡಿ ಸುಮ್ನೆ ಹೋಗಬೇಡಿ. ಅವರ ಕೈಕೆಳಗೆ ಮುಗಿಸಿದವರು ಎಷ್ಟು ಜನ, ಅರ್ಧಕ್ಕೇ ಬಿಟ್ಟವರು ಎಷ್ಟು ಜನ, ವಿಚಾರಿಸಿ. ಬಿಟ್ಟವರಲ್ಲಿ ಒಬ್ಬರ ಜೊತೆಯಾದರೂ ಕೂತು ಮಾತಾಡಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.