ಮುದ್ದೆ ಮುರಿಯುವ ಕೈಯಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಔದ್ಯೋಗಿಕ ಚಿಕಿತ್ಸೆ: ಒಂದು ಪರಿಚಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ನೀವು ನಾಲ್ಕನೇ ಪುಟದಲ್ಲಿ ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ‘ಔದ್ಯೋಗಿಕ’ ಅಂದ ಕೂಡಲೇ ಓದುಗರ ತಲೆಗೆ ಬರುವುದು ನೌಕರಿ, ಕಾರ್ಖಾನೆ. ‘ಓಟಿ’ ಅಂತ ಚಿಕ್ಕದು ಮಾಡಿದರೆ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ. ಆಕ್ಯುಪೇಶನಲ್ ಥೆರಪಿ ಅಂತಲೇ ಬರೆಯಿರಿ. ಆದರೆ ಮರುಸಾಲಿನಲ್ಲೇ ಬಿಡಿಸಿ ಹೇಳಿ: ಇಲ್ಲಿ ಆಕ್ಯುಪೇಶನ್ ಅಂದರೆ ಸಂಬಳದ ಕೆಲಸ ಮಾತ್ರ ಅಲ್ಲ. ಬೆಳಿಗ್ಗೆ ಹಲ್ಲುಜ್ಜುವುದರಿಂದ ರಾತ್ರಿ ಹಾಸಿಗೆ ಹಾಸುವ ತನಕ ಮನುಷ್ಯ ಮಾಡುವ, ಮಾಡಬೇಕಾದ, ಮಾಡಲು ಆಸೆಪಡುವ ಎಲ್ಲವೂ ಸೇರಿತು. ಸ್ನಾನ, ಸೀರೆ ಉಡುವುದು, ರಂಗೋಲಿ, ಬಸ್ಸು ಹತ್ತುವುದು, ಮಗುವಿನ ಆಟ. ನಿಮ್ಮ ಮೊದಲ ಪುಟದ ವ್ಯಾಖ್ಯೆಯಲ್ಲಿ ‘ಸಮಗ್ರ’, ‘ಸರ್ವತೋಮುಖ’ ಎಲ್ಲ ಇದೆ, ಈ ಸ್ನಾನ, ಸೀರೆ ಇಲ್ಲ.

ಈಗ ಆ ಎರಡು ಸಾಲು. ‘ಮಂಡ್ಯ ಕಡೆಯ ರೈತರೊಬ್ಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಉಣ್ಣಲು ನಾಚಿಕೊಂಡು ಅವರು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.’ ಇಷ್ಟು ಬರೆದು ನೀವು ಮುಂದಿನ ಪ್ಯಾರಾದಲ್ಲಿ ‘ಸೇವಾ ಕ್ಷೇತ್ರಗಳು’ ಅಂತ ಪಟ್ಟಿ ಶುರು ಮಾಡುತ್ತೀರಿ. ನನಗೆ ನಿಜಕ್ಕೂ ಬೇಜಾರಾಯಿತು. ನಿಮ್ಮ ವೃತ್ತಿ ಏನು, ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಪೂರ್ತಿ ಆ ರೈತರ ತಟ್ಟೆಯಲ್ಲೇ ಇದೆ, ಅಲ್ವಾ?

ಮುದ್ದೆಯನ್ನು ಚಮಚದಲ್ಲಿ ತಿನ್ನುವುದಿಲ್ಲ. ಮುರಿಯಬೇಕು, ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು. ಅದಕ್ಕೆ ಹೆಬ್ಬೆರಳಿಗೆ ಎಷ್ಟು ಬಲ ಬೇಕು? ಹಿಟ್ಟು ನಾದಿಸಿ ಆ ಬಲ ತರಲು ನೋಡಿದಿರಾ? ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಕಿದಿರಾ, ಅಂಚು ಎತ್ತರದ ತಟ್ಟೆ ಕೊಟ್ಟಿರಾ? ಎಡಗೈಯಲ್ಲಿ ಉಣ್ಣುವ ನಾಚಿಕೆಗೆ ಸ್ನಾಯುವಿನ ವ್ಯಾಯಾಮದಿಂದ ಪರಿಹಾರ ಸಿಗುವುದಿಲ್ಲ. ಆಗ ಯಾರ ಹತ್ತಿರ ಮಾತಾಡಿದಿರಿ? ಹೆಂಡತಿ, ಮಕ್ಕಳ ಹತ್ತಿರವಾ? ಕೈ, ತಟ್ಟೆ, ಮನೆಯವರು, ಮನಸ್ಸು. ಮನುಷ್ಯನನ್ನು ಸುಧಾರಿಸುವುದು ಒಂದು ದಾರಿ, ಕೆಲಸ ಮಾಡುವ ರೀತಿಯನ್ನು ಬದಲಿಸುವುದು ಇನ್ನೊಂದು, ಸುತ್ತಲಿನ ಜಾಗ ಮತ್ತು ಜನರನ್ನು ಸರಿಹೊಂದಿಸುವುದು ಮತ್ತೊಂದು. ಯಾವುದರಿಂದ ಆದರೂ ಸರಿ, ಆತ ಉಣ್ಣಬೇಕು. ಇದನ್ನು ತೋರಿಸಿದರೆ ವ್ಯಾಖ್ಯೆ ತಾನೇ ಬರುತ್ತದೆ.

‘ನಮ್ಮನ್ನು ಫಿಸಿಯೋಥೆರಪಿಸ್ಟ್ ಅಂದುಕೊಳ್ಳುತ್ತಾರೆ’ ಎಂಬ ಮಾತು ಆರು ಕಡೆ ಬಂದಿದೆ. ಆ ನೋವು ನನಗೆ ಅರ್ಥವಾಗುತ್ತದೆ. ಒಂದು ಸಲ ಹೇಳಿ, ಸಾಕು. ‘ಫಿಸಿಯೋ ಕಾಲಿಗೆ, ನಾವು ಕೈಗೆ’ ಎಂಬ ಸಾಲನ್ನಂತೂ ತೆಗೆಯಲೇಬೇಕು. ಅದು ತಪ್ಪು, ನಿಮಗೂ ಗೊತ್ತಿದೆ. ಲಕ್ವ ಹೊಡೆದ ಅದೇ ಕೈಯನ್ನು ಇಬ್ಬರೂ ನೋಡುತ್ತಾರೆ, ಇಬ್ಬರ ಕೆಲಸ ಒಂದಿಷ್ಟು ಒಂದರ ಮೇಲೊಂದು ಬೀಳುತ್ತದೆ. ಹಾಗೆಂದು ಒಪ್ಪಿಕೊಳ್ಳಿ. 2021ರ ಕೇಂದ್ರ ಕಾಯ್ದೆ, ಅಂದರೆ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ, ಎರಡನ್ನೂ ಬೇರೆ ಬೇರೆ ವೃತ್ತಿಗಳಾಗಿಯೇ ಪಟ್ಟಿ ಮಾಡಿದೆ. ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಚರಿತ್ರೆಯ ಭಾಗದಲ್ಲಿ ಒಂದು ತಪ್ಪಿದೆ. 1917ರಲ್ಲಿ ಅಮೆರಿಕದ ‘ವೈದ್ಯರು’ ಸೇರಿ ಇದನ್ನು ಹುಟ್ಟುಹಾಕಿದರು ಅಂದಿದ್ದೀರಿ. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಅವತ್ತು ಸೇರಿದವರಲ್ಲಿ ವಿಲಿಯಂ ರಶ್ ಡಂಟನ್ ಮನೋವೈದ್ಯರು, ನಿಜ. ಆದರೆ ಸೂಸನ್ ಕಾಕ್ಸ್ ಜಾನ್ಸನ್ ಕರಕುಶಲ ಕಲಿಸುವವರು. ಎಲ್ಲರನ್ನೂ ಕರೆದ ಜಾರ್ಜ್ ಬಾರ್ಟನ್ ಕಟ್ಟಡ ವಿನ್ಯಾಸಕರು. ಅವರಿಗೆ ಕ್ಷಯ ಬಂದಿತ್ತು, ಎಡಭಾಗ ಸ್ವಾಧೀನ ತಪ್ಪಿತ್ತು. ಮರಗೆಲಸ, ತೋಟದ ಕೆಲಸ ಮಾಡುತ್ತಲೇ ಅವರು ಚೇತರಿಸಿಕೊಂಡರು. ವೃತ್ತಿಗೆ ಹೆಸರು ಕೊಟ್ಟವರೇ ಒಬ್ಬ ರೋಗಿ! ಇದಕ್ಕಿಂತ ಒಳ್ಳೆಯ ಗುರುತು ನಿಮಗೆ ಎಲ್ಲಿ ಸಿಗುತ್ತದೆ? ನಮ್ಮ ದೇಶದ ಕಥೆಯೂ ಚಿಕ್ಕದಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿ ಕಲಿಸುವ ಶಾಲೆ ಶುರು ಮಾಡಿದರು. 1952ರಲ್ಲಿ ಈ ವೃತ್ತಿಯವರ ವಿಶ್ವ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ನೀವು ಇದನ್ನು ಬಿಟ್ಟಿದ್ದೀರಿ.

ಇನ್ನೊಂದು ಸಾಲಿನ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ‘ಆಟಿಸಂ ಅನ್ನು ಗುಣಪಡಿಸುತ್ತದೆ’ ಅಂತ ಬರೆದಿದ್ದೀರಿ. ದಯವಿಟ್ಟು ತೆಗೆಯಿರಿ. ಆಟಿಸಂ ವಾಸಿ ಮಾಡುವ ಕಾಯಿಲೆ ಅಲ್ಲ. ಆ ಮಗು ಬ್ರಷ್ ಬಾಯಿಗೆ ಇಟ್ಟುಕೊಳ್ಳಲು, ಅಂಗಿ ಹಾಕಿಕೊಳ್ಳಲು, ತರಗತಿಯ ಗದ್ದಲದಲ್ಲಿ ಕೂರಲು ನೀವು ನೆರವಾಗಬಹುದು. ಅದು ದೊಡ್ಡ ಕೆಲಸ, ಅಷ್ಟನ್ನೇ ಹೇಳಿ. ನಿಮ್ಮ ಆ ಒಂದು ಪದ ಓದಿ ಯಾರೋ ತಾಯಿ ಬಳೆ ಅಡ ಇಟ್ಟು ಮಗುವನ್ನು ಕರೆದುಕೊಂಡು ಬರಬಹುದು. ವೃತ್ತಿಯ ವ್ಯಾಪ್ತಿ ಬರೆಯುವಾಗ ಅದು ಎಲ್ಲಿ ನಿಲ್ಲುತ್ತದೆ ಎನ್ನುವುದನ್ನೂ ಬರೆಯಬೇಕು. ನಿಮ್ಮ ಹತ್ತೊಂಬತ್ತು ಅಂಶಗಳ ಪಟ್ಟಿಯಲ್ಲಿ ಅದು ಎಲ್ಲೂ ನಿಂತಿಲ್ಲ.

ನನಗೆ ಈ ವಿಷಯ ಯಾಕೆ ಮುಖ್ಯ ಅಂತ ಹೇಳಿಬಿಡುತ್ತೇನೆ. ನನ್ನ ಅಮ್ಮನಿಗೆ ಸಂಧಿವಾತ. ಬೆರಳಿನ ಗಂಟುಗಳು ಊದಿ ಸೌಟು ಹಿಡಿಯಲು ಆಗುತ್ತಿರಲಿಲ್ಲ. ವರ್ಷಗಟ್ಟಲೆ ಮಾತ್ರೆ ಬರೆದುಕೊಟ್ಟವರು ಯಾರೂ ಅಡುಗೆಮನೆಯ ಬಗ್ಗೆ ಕೇಳಿರಲಿಲ್ಲ. ಒಬ್ಬ ಹುಡುಗಿ, ನಿಮ್ಮದೇ ವೃತ್ತಿಯವಳು, ನಿಮ್ಮ ವಯಸ್ಸಿನವಳೇ, ‘ಅಮ್ಮಾ, ನಿಮಗೆ ಯಾವ ಕೆಲಸ ಮಾಡೋಕೆ ಆಗ್ತಿಲ್ಲ ಅಂತ ಜಾಸ್ತಿ ಬೇಜಾರು?’ ಅಂತ ಕೇಳಿದಳು. ಅಮ್ಮ ಅತ್ತುಬಿಟ್ಟರು. ಆಮೇಲೆ ಆ ಹುಡುಗಿ ಸೌಟಿನ ಹಿಡಿಗೆ ದಪ್ಪ ರಬ್ಬರ್ ಟ್ಯೂಬು ಸುತ್ತಿಸಿದಳು. ಪಾತ್ರೆಯನ್ನು ಬೆರಳಿನಿಂದಲ್ಲ, ಎರಡೂ ಅಂಗೈ ಕೊಟ್ಟು ಎತ್ತಲು ಕಲಿಸಿದಳು. ಈಳಿಗೆ ಮಣೆ ಬಿಡಿಸಿ, ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುವ ಹಾಗೆ ಮಾಡಿದಳು. ಗಂಟುಗಳ ಊತ ಪೂರ್ತಿ ಇಳಿಯಲಿಲ್ಲ. ಆದರೆ ಆ ಯುಗಾದಿಗೆ ಮನೆಯಲ್ಲಿ ಹೋಳಿಗೆ ಸಾರು ಅಮ್ಮನದೇ.

ಹಾಗಾಗಿ ಲೇಖನವನ್ನು ಆ ರೈತರಿಂದ ಶುರು ಮಾಡಿ. ಹೆಸರು, ಊರು ಬೇಡ. ಅವರನ್ನು ಮೊದಲ ದಿನ ನೀವು ಏನು ಕೇಳಿದಿರಿ, ಅವರು ಏನು ಅಂದರು, ಯಾವ ಪ್ರಯತ್ನ ಕೈಕೊಟ್ಟಿತು, ಎಲ್ಲ ಬರೆಯಿರಿ. ಸಾವಿರ ಪದ ಸಾಕು. ಮುಂದಿನ ತಿಂಗಳ ಹದಿನೈದರೊಳಗೆ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ.

ಇನ್ನೊಂದು ಮಾತು. ಅವರು ಆಮೇಲೆ ಯಾವುದಾದರೂ ಮದುವೆಯ ಪಂಕ್ತಿಯಲ್ಲಿ ಕೂತರಾ? ನೀವು ಹೇಳಿಲ್ಲ. ಕೂರಲಿಲ್ಲ ಅಂದರೂ ಸರಿ, ಅದನ್ನೂ ಬರೆಯಿರಿ.