ಟ್ರ್ಯಾಕ್ ರೈಜೋಮ್ ಥರ ಆಗದೆ ಬರೀ ಶಫಲ್ ಥರ ಕೇಳ್ತಿರೋದಕ್ಕೆ

ರೈಜೋಮ್ (ಶುಂಠಿ ಥರ ನೆಲದಡಿ ಹಬ್ಬೋ ಕಾಂಡ) ಥರ ಎಲ್ಲಿಂದ ಎಲ್ಲಿಗಾದ್ರೂ ಕೂಡ್ಕೊಳ್ಳೋ ಟ್ರ್ಯಾಕ್ ಮಾಡೋಕೆ ನೀವು ಸಂಗೀತದ 12 ತುಣುಕು ರ‍್ಯಾಂಡಮ್ ಆಗಿ ಬಿಟ್ರೂ ಪ್ಲೇಲಿಸ್ಟ್ ಶಫಲ್ ಥರ ಕೇಳ್ತಿದೆ ಅಂದ್ರೆ, ಬಹುಶಃ ಪ್ರತಿ ತುಣುಕಿಗೂ ಅದರದೇ ಶುರು, ಮುಕ್ತಾಯ ಇಟ್ಟಿದ್ದೀರ, ಹಾಗಾಗಿ ಒಂದಕ್ಕೊಂದು ಅಂಟ್ಕೊಳ್ತಾ ಇಲ್ಲ. ಫೈಲ್ ಕೇಳದೆ ಖಚಿತವಾಗಿ ಹೇಳಕ್ಕಾಗಲ್ಲ. ಫ್ರೆಂಚ್ ಚಿಂತಕರಾದ ಡೆಲ್ಯೂಜ್, ಗತ್ತಾರಿ ಹೇಳೋ ರೈಜೋಮ್‌ನಲ್ಲಿ ಮುಖ್ಯ ಆಗೋದು ಕ್ರಮ ಕೆಡಿಸೋದಲ್ಲ, ಯಾವ ಜಾಗದಿಂದ ಬೇಕಾದ್ರೂ ಇನ್ಯಾವ ಜಾಗಕ್ಕಾದ್ರೂ ದಾರಿ ಇರೋದು, ಶುಂಠಿ ನೋಡಿ, ಕಣ್ಣಿರೋ ಯಾವ ತುಂಡು ಮುರಿದು ನೆಟ್ರೂ ಚಿಗುರುತ್ತೆ.

ಸ್ಟಾಕ್‌ಹೌಸನ್ ಅನ್ನೋ ಜರ್ಮನ್ ಸಂಗೀತ ಸಂಯೋಜಕ 1956ರಲ್ಲಿ ಬರೆದ 11ನೇ ಪಿಯಾನೋ ಪೀಸ್ ಇದಕ್ಕೆ ತುಂಬಾ ಒಳ್ಳೆ ಪಾಠ (ರೈಜೋಮ್ ಬರಹ ಬಂದಿದ್ದೇ 1976ರಲ್ಲಿ, ಇದು ಅದಕ್ಕೂ 20 ವರ್ಷ ಮುಂಚಿನದು). ಒಂದೇ ದೊಡ್ಡ ಹಾಳೇಲಿ 19 ತುಣುಕು, ಕಣ್ಣು ಬಿದ್ದಲ್ಲಿಂದ ಶುರು, ಆದ್ರೆ ಪ್ರತಿ ತುಣುಕಿನ ಕೊನೇಲಿ ಬರೆದಿರೋ ವೇಗ, ಜೋರು, ಬೆರಳಿನ ಒತ್ತು ಮುಂದೆ ಸಿಗೋ ತುಣುಕಿಗೆ ಲಾಗೂ ಆಗುತ್ತೆ, ಅದಕ್ಕೇ ಅದೇ ಸ್ವರಗಳು ಯಾವುದರ ಹಿಂದೆ ಬಂದ್ವು ಅನ್ನೋದರ ಮೇಲೆ ಬೇರೇನೇ ಕೇಳುತ್ತೆ. ಒಂದೇ ತುಣುಕು ಮೂರನೇ ಸಲ ಸಿಕ್ಕಿದ್ರೆ ಅಲ್ಲಿಗೆ ಮುಗೀತು.

ನಿಮ್ಮ ತುಣುಕುಗಳಲ್ಲಿ ಮೊದಲು ಫೇಡ್‌ಗಳು (ಸದ್ದು ನಿಧಾನಕ್ಕೆ ಏರೋದು, ಇಳಿಯೋದು), ಕೊನೆಗೆ ಬಂದು ಕೂರೋ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಲ್ಲಾ ಕತ್ತರಿಸಿ. ಆಮೇಲೆ ಎಲ್ಲದರಲ್ಲೂ ಎರಡು ಸ್ವರ ಕಾಮನ್ ಇರೋ ಹಾಗೆ ಮಾಡಿ, ದಾಟೋದು ಆ ಸ್ವರಗಳ ಮೇಲೇ. ಮೂರನೇದು, ಪ್ರತಿ ತುಣುಕೂ ಮುಂದಿನದಕ್ಕೆ ಒಂದೇ ಒಂದು ವಿಷ್ಯ ದಾಟಿಸಲಿ, ವೇಗನೋ ರಿವರ್ಬೋ (ಸದ್ದಿನ ಅನುರಣನ) ಸಾಕು. ಮುಗಿಯೋಕೂ ಒಂದು ರೂಲ್ ಇಡಿ. ಸಾಫ್ಟ್‌ವೇರ್ ಮುಟ್ಟೋ ಮುಂಚೆ ಇದನ್ನ 12 ಚೀಟಿ ಮೇಲೆ ಬರ್ಕೊಂಡು ಕೀಬೋರ್ಡಲ್ಲಿ ಕೈಯಾರೆ ನುಡಿಸಿ, ಯಾವ ಜೋಡಿ ಅಂಟ್ತಿಲ್ಲ ಅಂತ ತಕ್ಷಣ ಕಿವಿಗೆ ಬೀಳುತ್ತೆ, ಅವೆರಡನ್ನ ಮಾತ್ರ ತಿದ್ದಿ.